ಫಿಲಿಪೈನ್ಸ್ ಕತ್ತಿಗೆ ತ್ಯಾಮಗೊಂಡ್ಲು ಸಾಕ್ಷಿ

ಮೂಡಲು ಇನ್ನೂ ಕೆಂಪಾಗಿಲ್ಲ, ತ್ಯಾಮಗೊಂಡ್ಲು ಸಂತೆಬೀದಿಯ ಕುಲುಮೆ ಆಗಲೇ ಕೆಂಪಾಗಿದೆ. ಮುತ್ತಮ್ಮ ತಿದಿ ಒತ್ತುತ್ತಾಳೆ. ಗಂಡ ಸೊಣ್ಣಪ್ಪ ನೇಗಿಲ ಗುಳವನ್ನು ಇಕ್ಕಳದಲ್ಲಿ ಹಿಡಿದು ಬಡಿಯುತ್ತಾನೆ. ಬಡಿತ ಇವತ್ತು ಯಾಕೋ ಜೋರು. ಎದುರು ಹೋಟೆಲಿನಲ್ಲಿ ಚಿಕ್ಕಬೀರಪ್ಪನ ಸುತ್ತ ಜನ ಸೇರಿ ನಗುತ್ತಿದ್ದಾರಲ್ಲ, ಅದಕ್ಕೆ.

"ಆ ಗುಳ ಏನ್ ಮಾಡೈತೆ ನಿನಗೆ? ಮೆಲ್ಲಗೆ ಹೊಡಿ" ಎನ್ನುತ್ತಾಳೆ ಮುತ್ತಮ್ಮ.

ಸುತ್ತಲ ಹಳ್ಳಿಗಳ ಮಚ್ಚು, ಕುಡುಗೋಲು, ಗುಳ ಎಲ್ಲಕ್ಕೂ ಸೊಣ್ಣಪ್ಪನೇ ಗತಿ. ಯುದ್ಧದ ವರ್ಷಗಳಲ್ಲಿ ಕಬ್ಬಿಣ ಸಿಗದಿದ್ದಾಗ ಮುರಿದ ಗಾಡಿಪಟ್ಟಿಗಳನ್ನೇ ಕಾಯಿಸಿ ಕುಡುಗೋಲು ಮಾಡಿಕೊಟ್ಟವನು. ಆಗ ಊರ ಮಾತೆಲ್ಲ ಈ ಕುಲುಮೆಯ ಮುಂದೆಯೇ ನಡೆಯುತ್ತಿತ್ತು. ಬಾಲ್ಯದ ಗೆಳೆಯ ಚಿಕ್ಕಬೀರಪ್ಪ ಸಿಪಾಯಿಯಾಗಿ ಮಲಯಾಕ್ಕೆ ಹೋಗಿ, ಜಪಾನಿಯರ ಸೆರೆ ಸಿಕ್ಕಿ, ಬೋರ್ನಿಯೋ ತೀರದಿಂದ ಹೇಗೋ ಬದುಕಿ ಬಂದ. ಬಂದವನು ಹೋಟೆಲಿನ ಬೆಂಚಿನ ಮೇಲೆ ಕೂತ, ಊರ ಮಾತೆಲ್ಲ ಬೀದಿ ದಾಟಿ ಆಚೆಗೆ ಹೋಯಿತು. ಹಿತ್ತಲ ಗಿಡ ಎಂದಾದರೂ ಮದ್ದಾದೀತೆ? ಸೊಣ್ಣಪ್ಪನಿಗೆ ಹೊಟ್ಟೆಕಿಚ್ಚು. ಅದನ್ನವನು ಪತ್ರಿಕೆಯಿಂದ ಬಂದ ನಮ್ಮೆದುರೂ ಮುಚ್ಚಿಡುವುದಿಲ್ಲ.

"ನಾನು ಬೆಂಕಿ ಮುಂದೆ ಬೆಂದೆ, ಅವನು ಹಡಗಲ್ಲಿ ತಿರುಗ್ದ. ಈಗ ಅವನೇ ದೊಡ್ಡೋನು. ಕಷ್ಟ ಪಟ್ಟವ್ನೆ, ಇಲ್ಲ ಅನ್ನಲ್ಲ. ಆದ್ರೂ ಉರೀತದೆ ಸ್ವಾಮಿ."

ಈ ಉರಿಗೆ ಎಣ್ಣೆ ಸುರಿದದ್ದು ಒಂದು ಹಳೆಯ ಕತ್ತಿ. ನಿವೃತ್ತ ಶೇಕ್‌ದಾರರಾದ ಆದಿನಾರಾಯಣಪ್ಪನವರು ಅದನ್ನು ಬೆಂಗಳೂರು ದಂಡಿನ ಹರಾಜಿನಲ್ಲಿ ಕೊಂಡಿದ್ದರು. ಉದ್ದನೆಯ ಅಲಗು, ತುದಿಯತ್ತ ಅಗಲ, ಕೊನೆಯಲ್ಲೊಂದು ಸಣ್ಣ ಮುಳ್ಳು, ಬಾಯ್ತೆರೆದ ಮೊಸಳೆಯಂಥ ಮರದ ಹಿಡಿ, ಮರದ್ದೇ ಒರೆ. ತುಕ್ಕು ತೆಗೆಸಲು ಸೊಣ್ಣಪ್ಪನ ಬಳಿ ತಂದರು. ಅವನು ತಿರುಗಿಸಿ ನೋಡಿ, "ನಮ್ಮ ಪಾಳೇಗಾರರ ಕಾಲದ್ದು" ಎಂದುಬಿಟ್ಟ. ಶೇಕ್‌ದಾರರು ಹಿಗ್ಗಿ, ಬೆಂಗಳೂರಿನ ಪ್ರದರ್ಶನಕ್ಕೆ ಕಳಿಸುವಾಗ ಗುರುತು ಹಿಡಿದವನೆಂದು ಅವನ ಹೆಸರನ್ನೇ ಬರೆಸುವುದಾಗಿ ಮಾತು ಕೊಟ್ಟರು. ಕಮ್ಮಾರನ ಹೆಸರನ್ನು ಯಾರು, ಎಲ್ಲಿ ಬರೆಯುತ್ತಾರೆ? ಸೊಣ್ಣಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಕತ್ತಿ ಒಪ್ಪಿಸುವ ದಿನ ಶೇಕ್‌ದಾರರ ಜಗಲಿಗೆ ಚಿಕ್ಕಬೀರಪ್ಪನೂ ಬಂದ.

"ಇದು ನಮ್ಮ ಕಡೇದಲ್ಲ ಸ್ವಾಮಿ. ಫಿಲಿಪೈನ್ಸ್ ದ್ವೀಪದ್ದು. ಮಿಂಡನಾವೊ ಕಡೆ ಮುಸಲ್ಮಾನರು ಇಟ್ಕೊಳ್ಳೋದು, ಕಂಪಿಲಾನ್ ಅಂತಾರೆ. ನಾನಿದ್ದ ತೀರಕ್ಕೆ ದೋಣೀಲಿ ಬರೋರು."

"ಅದಕ್ಕೇನಪ್ಪಾ ಗುರುತು?" ಎಂದರು ಶೇಕ್‌ದಾರರು, ಮುಖ ಚಿಕ್ಕದು ಮಾಡಿಕೊಂಡು.

"ಒರೆ ನೋಡಿ. ಎರಡು ಹಲಗೆ ಸೇರಿಸಿ ಬರೀ ತೆಳು ನಾರಲ್ಲಿ ಕಟ್ಟಿರ್ತಾರೆ. ಹಿರಿಯೋಕೆ ಪುರುಸೊತ್ತಿಲ್ದಾಗ ಒರೆ ಸಮೇತ ಬೀಸೋದು. ನಾರು ತುಂಡಾಗಿ ಅಲಗು ಆಚೆ ಬರ್ತದೆ."

ಒರೆಯ ಮೇಲೆ ನಾರಿರಲಿಲ್ಲ, ಹೊಳೆಯುವ ಹಿತ್ತಾಳೆ ಪಟ್ಟಿಗಳಿದ್ದವು. ಬಿಗಿದವನು ಸೊಣ್ಣಪ್ಪ. ಕತ್ತಿ ಬಂದಾಗ ಇದ್ದದ್ದು ನಾರೇ. ಸಡಿಲ ಕೆಲಸ ಕಂಡರೆ ಅವನಿಗಾಗದು. "ಯಾವನೋ ಮೈಗಳ್ಳ ಕಟ್ಟಿದ್ದು" ಎಂದು ಬೈದು, ಕಿತ್ತು ಕೆಂಡಕ್ಕೆ ಹಾಕಿದ್ದ.

"ಸೊಣ್ಣ, ನಾರಿತ್ತೇನೋ?" ಎಂದು ಕೇಳಿದ ಗೆಳೆಯ.

ಇರಲಿಲ್ಲ ಎಂದರೆ ಮುಗಿಯಿತು. ಹೆಸರು ಉಳಿಯುತ್ತಿತ್ತು, ಹೋಟೆಲಿನ ನಗು ನಿಲ್ಲುತ್ತಿತ್ತು. ಬೂದಿಯಾದ ನಾರು ಎದ್ದು ಬಂದು ಸಾಕ್ಷಿ ಹೇಳುವುದುಂಟೆ? ಬಾಯಲ್ಲಿ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಸೊಣ್ಣಪ್ಪ ಹಿತ್ತಾಳೆ ಪಟ್ಟಿಗಳನ್ನೇ ನೋಡುತ್ತ ನಿಂತ.

"ಇತ್ತು. ನಾನೇ ಸುಟ್ಟೆ" ಎಂದ.

ಯಾಕೆ ಹಾಗೆಂದೆ ಎಂದು ಕೇಳಿದರೆ ಅವನು ಸುತ್ತಿಗೆ ಕೆಳಗಿಡುತ್ತಾನೆ. "ಕೆಟ್ಟ ಕೆಲಸ ಅಂತ ಬೈದಿದ್ದೆ. ಬೇಕಂತ್ಲೇ ಹಂಗೆ ಕಟ್ಟವ್ರೆ ಅಂತ ಆಗ ಗೊತ್ತಾಯ್ತು. ಅಷ್ಟು ತಿಳಿದ ಕಸುಬುದಾರರನ್ನ ನಮ್ಮ ಪಾಳೇಗಾರರ ಹೆಸರಲ್ಲಿ ಹೂತು ಹಾಕೋಕೆ ಮನಸ್ಸು ಬರ್ಲಿಲ್ಲ. ಚಿಕ್ಕಬೀರನ ಮುಖ ನೋಡಿ ಹೇಳಿದ್ದಲ್ಲ, ಅದು ಮಾತ್ರ ಬರ್ಕೊಳಿ."

ಪ್ರದರ್ಶನದ ಚೀಟಿಯಲ್ಲಿ ಈಗ ಫಿಲಿಪೈನ್ಸ್ ಎಂದಿದೆ, ಕೆಳಗೆ ಚಿಕ್ಕಬೀರಪ್ಪನ ಹೆಸರಿದೆ. ಕಮ್ಮಾರನ ಹೆಸರಿಲ್ಲ. ಹೊಟ್ಟೆಕಿಚ್ಚು ಆರಿತೇ ಎಂದರೆ ಮುತ್ತಮ್ಮ ನಗುತ್ತಾಳೆ: "ಎಲ್ಲಿ ಆರಿತು? ರಾತ್ರಿ ನಿದ್ದೇಲೂ ಅವನನ್ನೇ ಬೈತಾನೆ."

ಸೊಣ್ಣಪ್ಪ ಕೈ ಒರೆಸಿಕೊಂಡು, ಹೋಟೆಲಿನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸುತ್ತಾನೆ.

"ನಿಮ್ಮ ಪೇಪರಲ್ಲಿ ಅವನ ಹೆಸರೂ ಬರ್ತದಾ ಸ್ವಾಮಿ?"

ಬರಲೇಬೇಕಲ್ಲ, ಎನ್ನುತ್ತೇವೆ.

"ಬರ್ಲಿ. ನನ್ನದಾದ್ಮೇಲೆ ಹಾಕಿ."