ಎಳ್ಳಿನಷ್ಟು ಚಿಪ್ಪಿಗೆ ಹೊಸ ಚೀಟಿ

ಗೆಳೆಯರೇ, ಇವತ್ತು ಸಿಂದಗಿಯ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಒಂದು ಚೀಟಿಗಾಗಿ ಗುರುಗಳ ಜೊತೆ ನನ್ನ ಜಗಳವಾಯಿತು. ಮ್ಯೂಸಿಯಂ ಕಪಾಟಿನ ಹಳೆಯ ಪಳೆಯುಳಿಕೆಗಳನ್ನು ನಾನು ಮತ್ತೆ ವಿಂಗಡಿಸುತ್ತಿದ್ದೇನೆ. ಅದರಲ್ಲೊಂದು ಕಲ್ಲಿನ ತುಂಬ ಎಳ್ಳಿನಷ್ಟು ಚಿಪ್ಪುಗಳು. ಅವು ಕೆರೆಯ ಕಪ್ಪೆಚಿಪ್ಪಿನ ಮರಿಗಳೆಂದು ಹಿಂದೆ ಚೀಟಿ ಅಂಟಿಸಿದವರು ಇದೇ ಕಾಲೇಜಿನಲ್ಲಿ ನನಗೆ ಕಲಿಸಿ ನಿವೃತ್ತರಾದ ಗುರುಗಳು, ಬಿರಾದಾರ ಸರ್. ಅಲ್ಲ, ಸಿಗಡಿ ಏಡಿಗಳ ಬಳಗದವು ಎಂದು ನಾನು ಹೊಸ ಚೀಟಿ ಬರೆದೆ. ಸುದ್ದಿ ಕೇಳಿದ ಸರ್ ಆಲಮೇಲದಿಂದ ಮೊದಲ ಬಸ್ಸಿಗೇ ಬಂದಿಳಿದರು.

"ಏನ್ ಶಬಾನಾ, ನಾ ಇನ್ನೂ ಜೀವಂತ ಇದ್ದೇನಿ. ಅಷ್ಟರಾಗ ನನ್ನ ಚೀಟಿ ಕಿತ್ತಿಯೇನು?"

"ಕಿತ್ತಿಲ್ರಿ ಸರ್, ಅದರ ಬಾಜೂಕ ಹಚ್ಚೇನಿ."

"ಸಿಗಡಿಗೆ ಎಲ್ಲ್ಯರೆ ಎರಡು ಚಿಪ್ಪ ಇರ್ತಾವೇನು?"

"ಈ ಜಾತಿಗೆ ಇರ್ತಾವ್ರಿ. ಒಮ್ಮೆ ನೀವ ನೋಡ್ರಿ."

ಸರ್ ಕನ್ನಡಕ ಹಣೆಗೇರಿಸಿ ಮೈಕ್ರೋಸ್ಕೋಪಿಗೆ ಬಗ್ಗಿದರು. ಕಪ್ಪೆಚಿಪ್ಪಾಗಿದ್ದರೆ ಬೆಳವಣಿಗೆಯ ಗೆರೆಗಳು ಕಾಣಬೇಕಿತ್ತು. ಅವರು ಕಲ್ಲನ್ನು ಹೊರಳಿಸಿ ಹೊರಳಿಸಿ ನೋಡಿದರು. ನಾನು ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದೆ.

"ಒಂದೂ ಗೆರಿ ಇಲ್ಲಲ್ಲವಾ," ಎಂದರು ಮೆಲ್ಲಗೆ. ಆಮೇಲೆ ತಾವೇ ಪೆನ್ನು ತೆಗೆದು ತಮ್ಮ ಚೀಟಿಯ ಮೇಲೆ ಅಡ್ಡಗೆರೆ ಎಳೆದರು. ನನಗೆ ಗೆದ್ದ ಖುಷಿಗಿಂತ ಸಂಕಟವೇ ಹೆಚ್ಚಾಯಿತು.

ಹೊರಟವರು ಬಾಗಿಲಲ್ಲಿ ತಿರುಗಿ ನಿಂತರು.

"ಪ್ರಾಕ್ಟಿಕಲ್ ಪರೀಕ್ಷಾದಾಗ ಇದಕ್ಕ ಕಪ್ಪೆಚಿಪ್ಪು ಅಂತ ಬರದು ಐದಕ್ಕ ಐದು ಮಾರ್ಕ್ಸ್ ತಗೊಂಡಿದ್ದಿ. ಅವು ವಾಪಸ್ ಕೊಡು."

ಕೋಟ್ಯಂತರ ವರ್ಷ ಕಲ್ಲಿನೊಳಗೆ ಸುಮ್ಮನಿದ್ದ ಹುಳ ಇವತ್ತು ಸೀದಾ ನನ್ನ ಡಿಗ್ರಿಗೇ ಕೈ ಹಾಕಿದೆ.