ಟೇಪಿನಲ್ಲಿಲ್ಲದ ಮೈನಸ್ ಎರಡು

ಮೂವತ್ತೇಳನೆಯ ವಯಸ್ಸಿನಲ್ಲಿ ವರ್ಗ ಸಮೀಕರಣ ಕಲಿಯುವ ಹಣೆಬರಹ ಯಾರಿಗೂ ಬೇಡ. ಅಂಗನವಾಡಿ ಸಹಾಯಕಿಯಾಗಿದ್ದ ನಾನು ಕಾರ್ಯಕರ್ತೆಯಾಗಬೇಕಾದರೆ ಹತ್ತನೇ ಇಯತ್ತೆ ಪಾಸಾಗಬೇಕಿತ್ತು, ಉಳಿದದ್ದು ಗಣಿತವೊಂದೇ. ಬೆಳಗಾವಿಯ ಖಾಸಬಾಗದ ತವರಿನಲ್ಲಿದ್ದಾಗ ಅದರಲ್ಲಿ ಫೇಲಾಗಿ, ಪುಸ್ತಕ ಮುಚ್ಚಿ, ಮದುವೆಯಾಗಿ ಖಾನಾಪುರಕ್ಕೆ ಬಂದವಳು. ಕಲಿಸಲು ಕೂತವಳು ನನ್ನ ಮಗಳು. ಅವಳದೂ ಆ ವರ್ಷ ಹತ್ತನೇ ಇಯತ್ತೆಯೇ.

ಸುಮ್ಮನೆ ಕೂತರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಅದಕ್ಕೇ ಹೊಲಿಗೆ ಮಷಿನ್ ಮುಂದೆ ಕೂತು, ದಾರವಿಲ್ಲದಿದ್ದರೂ ತುಳಿಯುತ್ತ ಲೆಕ್ಕ ಮಾಡುತ್ತಿದ್ದೆ. ಗುಣಿಸಿದರೆ ಮೈನಸ್ ಹತ್ತು, ಕೂಡಿದರೆ ಮೈನಸ್ ಮೂರು ಆಗುವ ಎರಡು ಸಂಖ್ಯೆ ಹುಡುಕು ಅನ್ನುತ್ತಿದ್ದಳು ಮಗಳು. ಹುಡುಕಿ, ನಡುವಿನ ಪದ ಒಡೆದು, ಕಂಸಕ್ಕೆ ಹಾಕಿದರೆ ಎಕ್ಸ್ ಅಂದರೆ ಐದು, ಇಲ್ಲವೇ ಮೈನಸ್ ಎರಡು. ಆ ಮೈನಸ್ ಎರಡನ್ನು ನಾನು ಪ್ರತಿ ಸಲ ಗೀಟು ಹಾಕಿ ಹೊಡೆದುಬಿಡುತ್ತಿದ್ದೆ. ಇಷ್ಟು ವರ್ಷ ಊರ ಮಂದಿಗೆ ಜಂಪರ್ ಹೊಲಿದ ಕೈ. ಟೇಪಿನಲ್ಲಿ ಸೊನ್ನೆಗಿಂತ ಹಿಂದೆ ಏನೂ ಇಲ್ಲ.

“ಅವ್ವಾ, ಇದು ಜಂಪರ್ ಅಳತಿ ಅಲ್ಲ. ಎರಡೂ ಬರಿ,” ಅಂದಳು ಮಗಳು.

ಸರಿ ಅಂತ ಹೊಲದ ಉದ್ದ-ಅಗಲದ ಲೆಕ್ಕಕ್ಕೂ ಎರಡೂ ಬರೆದೆ. ಅಲ್ಲಿ ಮಾತ್ರ ಮೈನಸ್ ಬಿಡಬೇಕಂತೆ! ಒಂದು ದಿನ ತಲೆ ಕೆಟ್ಟು ಲೆಕ್ಕದ ವಹಿ ಬೀಸಿ ಒಗೆದೆ. ನನಗಂತೂ ಬುದ್ಧಿ ಇಲ್ಲ, ನನ್ನ ಸಲುವಾಗಿ ನಿನ್ನ ಅಭ್ಯಾಸವೂ ಹಾಳು ಅಂತ ಕೂಗಾಡಿದೆ. ಅವಳು ವಹಿ ಎತ್ತಿ ತಂದು, ಅದೇ ಪುಟ ತೆಗೆದು, ಮತ್ತೆ ನನ್ನ ಬಾಜು ಕೂತಳು. ನಾಚಿಕೆಯಾಯಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

ಅವಳ ಪರೀಕ್ಷೆ ಖಾನಾಪುರದಲ್ಲಿ, ನನ್ನದು ಬೆಳಗಾವಿಯಲ್ಲಿ. ಬೆಂಚಿನ ಕೆಳಗೆ ನನ್ನ ಕಾಲು ತುಳಿಯುತ್ತಲೇ ಇತ್ತು. ಮೇಲ್ವಿಚಾರಕಿ ಎರಡು ಸಲ ಬಗ್ಗಿ ನೋಡಿದರು. ಉದ್ದ-ಅಗಲ ಯಾವುದೂ ಇಲ್ಲದ ಬರೀ ಸಮೀಕರಣ ಬಂದಿತ್ತು. ಬಿಡಿಸಿದೆ, ರೂಢಿಯಂತೆ ಮೈನಸ್ ಉತ್ತರಕ್ಕೆ ಗೀಟು ಹಾಕಿದೆ. ಪೇಪರ್ ಕೊಡಲು ಎದ್ದವಳಿಗೆ ಎರಡೂ ಬರಿ ಅಂದ ಮಗಳ ಮಾತು ನೆನಪಾಯಿತು. ಮತ್ತೆ ಕೂತು, ಹೊಡೆದದ್ದರ ಪಕ್ಕದಲ್ಲೇ ಅದನ್ನು ದಪ್ಪಗೆ ಬರೆದೆ.

ಫಲಿತಾಂಶದ ದಿನ ಮಗಳು ಮೊಬೈಲ್ ಹಿಡಿದು ಹೊಸ್ತಿಲ ಮೇಲೆ ಕೂತಿದ್ದಳು. ನಾನು ಒಲೆಗೂ ಬಾಗಿಲಿಗೂ ಅಡ್ಡಾಡುತ್ತಿದ್ದೆ.

“ಮೂವತ್ತೈದು. ಪಾಸಾದಿ, ಅವ್ವಾ.”

ಬೇಕಾದದ್ದು ಮೂವತ್ತೈದೇ, ಒಂದೂ ಹೆಚ್ಚಿಲ್ಲ. ಅಲ್ಲೇ ನೆಲಕ್ಕೆ ಕೂತು ಅತ್ತೆ. ಕಣ್ಣೊರೆಸಿಕೊಂಡ ಮೇಲೆ ನೆನಪಾಗಿ, ನಿನ್ನವು ಎಷ್ಟು ಬಂದವು ಅಂತ ಕೇಳಿದೆ.

“ನಂದಿನ್ನೂ ನೋಡಿಲ್ಲ,” ಅಂದಳು.