ನೀಲಿ ಎಸಳಿನ ಇಸ್ಪೀಟೆಲೆಗಳು

ಇವತ್ತು ಬೆಳಿಗ್ಗೆಯೂ ಎಲ್ಲ ಎಂದಿನಂತೆಯೇ ಇತ್ತು. ಬಾಗಿಲಿಗೆ ನೀರು ಹಾಕಿ, ಚಿಕ್ಕದೊಂದು ರಂಗೋಲಿ ಎಳೆದು, ಡಿಕಾಕ್ಷನ್ ಇಳಿಯುವಷ್ಟರಲ್ಲಿ ಚಟ್ನಿಗೆ ಕಾಯಿ ತುರಿಯುತ್ತಿದ್ದೆ. ಯುಗಾದಿ ಹತ್ತಿರ ಬಂತು. ಟಿ. ನರಸೀಪುರದ ನಮ್ಮ ಬೀದಿಯಲ್ಲಿ ಎಲ್ಲರ ಮನೆಯ ಚಾಪೆ, ದಿಂಬು ಬಿಸಿಲಿಗೆ ಬಿದ್ದಿವೆ. ನಮ್ಮ ಯಜಮಾನರೂ ನಡುಮನೆಯಲ್ಲಿ ಪೇಪರು ಹಾಸಿಕೊಂಡು ತಮ್ಮ ಪಾಲಿನ ಹಬ್ಬದ ಕೆಲಸ ಶುರು ಮಾಡಿದ್ದರು, ಅಂದರೆ ಹೋದ ವರ್ಷದ ಇಸ್ಪೀಟು ಪ್ಯಾಕನ್ನು ಬೀರುವಿನಿಂದ ತೆಗೆದು ಒಂದೊಂದೇ ಎಲೆ ಒರೆಸುತ್ತಿದ್ದರು. ನಮ್ಮ ಕಡೆ ವರ್ಷವಿಡೀ ಇಸ್ಪೀಟು ಮುಟ್ಟದವರೂ ಯುಗಾದಿಯ ಹೋಳಿಗೆ ಊಟವಾದ ಮೇಲೆ ಒಂದು ಕೈ ಆಡಲೇಬೇಕು.

"ಸ್ವಲ್ಪ ಪೌಡರ್ ತಗೊಂಡ್ ಬಾರೇ, ಎಲೆಗಳು ಮೈಗ್ ಮೈ ಅಂಟ್ಕೊಂಡಿವೆ," ಎಂದರು.

ಪೌಡರ್ ಡಬ್ಬಿ ತಂದುಕೊಟ್ಟೆ. ಅವರು ಎಲೆಗಳ ಮೇಲೆ ಉದುರಿಸಿ, ಅಂಗೈಯಿಂದ ಸವರಿ, ಪರಪರ ಎಂದು ಕಲೆಸಿದರು. ಪೌಡರಿನ ಘಮ, ಅದರ ಜೊತೆಗೆ ಹಳೆಯ ರಟ್ಟಿನ ಮುಗ್ಗಲು, ಸ್ವಲ್ಪ ಬೆವರು... ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಾನು ನಂಜನಗೂಡಿನ ನಮ್ಮ ಬೀದಿಯಲ್ಲಿ, ಎದುರುಮನೆಯ ಜಗಲಿಯ ಮುಂದೆ, ಕಾನ್ವೆಂಟಿನ ನೀಲಿ ಯೂನಿಫಾರಂ ಹಾಕಿಕೊಂಡು ನಿಂತಿದ್ದೆ. ಕಾಫಿಗೆ ಎರಡು ಸಲ ಸಕ್ಕರೆ ಹಾಕಿಬಿಟ್ಟಿದ್ದೆನಂತೆ. "ಇದೇನು, ಹಬ್ಬದ ಪಾಯಸ ಇವತ್ತೇನಾ?" ಎಂದು ಇವರು ನಕ್ಕರು.

ಎದುರುಮನೆಯಲ್ಲಿ ಡ್ರಾಯಿಂಗ್ ಮೇಷ್ಟ್ರು ಇದ್ದರು. ಕೆಲಸ ಇಲ್ಲಿಯದೇ, ಟಿ. ನರಸೀಪುರದ ಒಂದು ಹೈಸ್ಕೂಲಿನಲ್ಲಿ. ಬೆಳಿಗ್ಗೆ ಬಸ್ಸು ಹತ್ತಿ ಬಂದು ಸಂಜೆ ನಂಜನಗೂಡಿಗೆ ಹಿಂತಿರುಗುತ್ತಿದ್ದರು. ಬೀದಿಯ ಮಕ್ಕಳೆಲ್ಲ ಅವರನ್ನು ಮೇಷ್ಟ್ರು ಮಾಮ ಎನ್ನುತ್ತಿದ್ದೆವು, ಅವರ ಹೆಂಡತಿಯನ್ನು ಅತ್ತೆ. ಅವರಿಗೆ ಮಕ್ಕಳಿರಲಿಲ್ಲ. ಸಂಜೆ ಅವರು ಜಗಲಿಯ ಮೇಲೆ ಕಾಲು ಮಡಿಸಿ ಕುಳಿತು, ಅಂಗೈಗೆ ಪೌಡರು ಹಾಕಿಕೊಂಡರೆಂದರೆ, ಹೋಂವರ್ಕು ಬಿಟ್ಟು ನಾವೆಲ್ಲ ಓಡುತ್ತಿದ್ದೆವು.

ಇಸ್ಪೀಟೆಲೆಗಳನ್ನು ಬೀಸಣಿಗೆಯ ಹಾಗೆ ಬಿಡಿಸಿ ಹಿಡಿಯುತ್ತಿದ್ದರು. ನಾವು ಒಂದು ಎಲೆ ಎಳೆದು, ನೋಡಿಕೊಂಡು, ಮುಚ್ಚಿ ಅವರ ಕೈಗೆ ಕೊಡಬೇಕು. ಅದರ ಮುಖವನ್ನು ಅವರು ನೋಡುತ್ತಲೇ ಇರಲಿಲ್ಲ. ಮೆಲ್ಲಗೆ ಮೇಲೆತ್ತಿ ಕಿವಿಗೆ ಹಿಡಿಯುತ್ತಿದ್ದರು. "ಏನಮ್ಮ? ಜೋರಾಗ್ ಹೇಳವ್ವ, ಇಲ್ಲಿ ಗಲಾಟೆ... ಓಹೋ, ಆಟೀನ್ ರಾಣಿಯಾ? ಊಟ ಆಯ್ತಾ ತಾಯಿ? ರಾಜ ಎಲ್ಲಿ, ಮತ್ತೆ ಜಗಳಾನಾ?" ನಾವು ಬಿದ್ದುಬಿದ್ದು ನಗುತ್ತಿದ್ದೆವು. ಎಳೆದದ್ದು ಆಟೀನ್ ರಾಣಿಯೇ ಆಗಿರುತ್ತಿತ್ತು. ಒಂದು ಸಲವೂ ತಪ್ಪಿದ್ದು ನಾನು ಕಾಣೆ.

ನಮ್ಮ ಕಾನ್ವೆಂಟಿನ ಮಕ್ಕಳ ದಿನಾಚರಣೆಗೂ ಪ್ರತಿವರ್ಷ ಅವರೇ ಬರುತ್ತಿದ್ದರು. ಒಮ್ಮೆ ಹೆಡ್‌ಮಿಸ್ಟ್ರೆಸ್ ಸಿಸ್ಟರನ್ನೇ ವೇದಿಕೆಗೆ ಕರೆದು ಎಲೆ ಎಳೆಸಿದರು. ಕಿವಿಗೆ ಹಿಡಿದು ಬಹಳ ಹೊತ್ತು ಕೇಳಿಸಿಕೊಂಡು, "ಈ ರಾಣಿಗೆ ಇಂಗ್ಲಿಷ್ ಬರಲ್ವಂತೆ ಸಿಸ್ಟರ್. ಕನ್ನಡದಲ್ಲಿ ಮಾತಾಡಿದ್ರೆ ನೀವು ಫೈನ್ ಹಾಕ್ತೀರಂತೆ, ಅದಕ್ಕೇ ಬಾಯಿ ಬಿಡ್ತಿಲ್ಲ," ಎಂದರು. ಕನ್ನಡ ಮಾತಾಡಿ ದಂಡ ಕಟ್ಟಿದ್ದ ನಾವೆಲ್ಲ ಬೆಂಚು ಗುದ್ದಿ ಗುದ್ದಿ ನಕ್ಕೆವು. ಸಿಸ್ಟರ್ ಕೂಡ ಮುಖ ತಿರುಗಿಸಿಕೊಂಡು ನಕ್ಕಿದ್ದನ್ನು ನಾನು ನೋಡಿದೆ.

ಇನ್ನೊಂದು ವಿಷಯವನ್ನೂ ನೋಡಿದ್ದೆ, ಆದರೆ ಅರ್ಥವಾಗಿರಲಿಲ್ಲ. ಅವರ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಯಾವಾಗಲೂ ಒಂದು ಚೂರು ನೀಲಿ ಬಣ್ಣ ಇರುತ್ತಿತ್ತು. ಡ್ರಾಯಿಂಗ್ ಮೇಷ್ಟ್ರಲ್ಲವೇ, ಇರುತ್ತದೆ ಎಂದುಕೊಂಡಿದ್ದೆ. ಆ ಎಲೆಗಳ ಬೆನ್ನಿಗೆ ಒತ್ತೊತ್ತಾಗಿ ನೀಲಿ ಹೂಬಳ್ಳಿಯ ಅಚ್ಚು ಇತ್ತು. ಆಮೇಲೆ ಗೊತ್ತಾಯಿತು, ಅವರು ಭಾನುವಾರ ಬಾಗಿಲು ಹಾಕಿಕೊಂಡು, ಕೂದಲೆಳೆಯಂಥ ಬ್ರಷ್ಷಿನಲ್ಲಿ, ಒಂದೊಂದು ಎಲೆಯ ಬೆನ್ನಲ್ಲೂ ಒಂದೊಂದು ಕಡೆ ಹೂವಿನ ಒಂದೇ ಒಂದು ಎಸಳಿಗೆ ಅದೇ ನೀಲಿ ತುಂಬುತ್ತಿದ್ದರು. ಯಾವ ಎಸಳು ತುಂಬಿದೆಯೋ ಅದರ ಮೇಲೆ ಎಲೆ ಯಾವುದೆಂಬ ಗುರುತು. ಕಿವಿಗೆ ಎತ್ತುವಾಗ ಬೆನ್ನು ಅವರ ಕಣ್ಣ ಮುಂದೆ ಹಾದು ಹೋಗುತ್ತಿತ್ತಲ್ಲ, ಅಷ್ಟು ಸಾಕಿತ್ತು ಅವರಿಗೆ. ಈ ಗುಟ್ಟನ್ನು ಅವರು ಯಾರಿಗೂ ಹೇಳಿರಲಿಲ್ಲ. ಅತ್ತೆಗೂ ಹೇಳಿರಲಿಲ್ಲ. ಅತ್ತೆಯೂ ನಮ್ಮ ಹಾಗೆಯೇ, ಹೊಸಿಲಲ್ಲಿ ನಿಂತು ಸೆರಗು ಬಾಯಿಗೆ ಹಿಡಿದು ಬೆರಗಾಗುತ್ತಿದ್ದರು.

ಇಸ್ಪೀಟನ್ನು ಇಷ್ಟು ಚೆನ್ನಾಗಿ ಬಲ್ಲವರು ಆಟಕ್ಕೆ ಮಾತ್ರ ಕೂರುತ್ತಿರಲಿಲ್ಲ. ಹಬ್ಬದ ದಿನ ಎಷ್ಟು ಕರೆದರೂ "ನಂಗೆ ಆಡೋಕ್ ಬರಲ್ಲಪ್ಪ, ಮಾತಾಡ್ಸೋಕ್ ಮಾತ್ರ ಬರೋದು" ಎಂದು ಎದ್ದುಹೋಗುತ್ತಿದ್ದರು.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದ ವರ್ಷದ ಯುಗಾದಿ... ಮಧ್ಯಾಹ್ನ ಮೇಷ್ಟ್ರು ತಮ್ಮ ಅಕ್ಕನಿಗೆ ಹೋಳಿಗೆ ಕೊಟ್ಟುಬರಲು ಹತ್ತಿರದ ಕಳಲೆ ಊರಿಗೆ ಹೋಗಿದ್ದರು. ನಮ್ಮ ಮನೆಯ ಜಗಲಿಯ ಮೇಲೆ ಚಿಲ್ಲರೆ ಕಾಸು ಕಟ್ಟಿ ಇಸ್ಪೀಟಾಟ ನಡೆದಿತ್ತು. ನಮ್ಮಪ್ಪ ಇದ್ದರು, ಸೌದೆ ಡಿಪೋದವರು ಇದ್ದರು, ಬೀದಿಯ ಇನ್ನೂ ಕೆಲವರಿದ್ದರು. ಹಬ್ಬಕ್ಕೆಂದು ಬಂದಿದ್ದ ಅತ್ತೆಯ ತಮ್ಮನೂ ಕುಳಿತಿದ್ದ. ಅವನಿಗೆ ತಾಂಡ್ಯದ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಬಾಯಿತುಂಬ ಮಾತು. ಯಾರದೋ ಕೈತಗುಲಿ ಪಾನಕದ ಚೊಂಬು ಉರುಳಿ ಇದ್ದ ಪ್ಯಾಕು ನೆನೆದು ಮುದ್ದೆಯಾಯಿತು. ಹಬ್ಬದ ದಿನ ಯಾವ ಅಂಗಡಿ ತೆಗೆದಿರುತ್ತದೆ?

ನಾನು ಆಗ ಅಮ್ಮ ಕೊಟ್ಟ ಪಾಯಸದ ಪಾತ್ರೆ ಹಿಡಿದು ಅತ್ತೆಯ ಅಡುಗೆಮನೆಯಲ್ಲಿದ್ದೆ. ಸೌದೆ ಡಿಪೋದವರು ಬಾಗಿಲಲ್ಲಿ ನಿಂತು ಕೂಗಿದರು.

"ಅಕ್ಕೋ, ಒಂದ್ ಪ್ಯಾಕ್ ಇಸ್ಪೀಟ್ ಇದ್ರೆ ಕೊಡ್ರವ್ವ. ಮೇಷ್ಟ್ರ ಮನೇಲಿಲ್ದೆ ಇನ್ಯಾರ್ ಮನೇಲಿದ್ದಾದು?"

ಅತ್ತೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಟ್ರಂಕು ತೆಗೆದರು. ಒಳಗೆ ಹಲವು ಪ್ಯಾಕುಗಳಿದ್ದವು. ಅಂಚು ಸವೆದದ್ದೊಂದನ್ನು ಎತ್ತಿ ಮತ್ತೆ ಇಟ್ಟು, "ಹಬ್ಬದ ದಿನ ಹಳೇದು ಕೊಟ್ರೆ ಚೆನ್ನಾಗಿರಲ್ಲ ಅಲ್ವೇನೇ?" ಎಂದು ನನ್ನನ್ನೇ ಕೇಳುತ್ತಾ, ಇದ್ದುದರಲ್ಲಿ ಹೊಸದಾಗಿ ಕಾಣುತ್ತಿದ್ದ ಒಂದನ್ನು ಆರಿಸಿ ಕೊಟ್ಟರು. ಅದು ಮೇಷ್ಟ್ರು ಆಗಷ್ಟೇ ಗುರುತು ಹಾಕಿ ಮುಗಿಸಿದ್ದ ಪ್ಯಾಕು.

ಆಮೇಲೆ ಆದದ್ದಕ್ಕೆ ಕೆಟ್ಟ ಗಳಿಗೆ ಎನ್ನದೆ ಬೇರೇನೂ ತೋಚುವುದಿಲ್ಲ. ಆ ಪ್ಯಾಕಿನಲ್ಲಿ ಅತ್ತೆಯ ತಮ್ಮನಿಗೆ ಆಟದ ಮೇಲೆ ಆಟ ಗೆಲುವು. ಬರೀ ಅದೃಷ್ಟ. ಗೆದ್ದಾಗಲೆಲ್ಲ ಅವನು ತೊಡೆ ತಟ್ಟಿಕೊಂಡು "ತಾಂಡ್ಯದ್ ಕೈ ಇದು, ಮಿಷಿನ್ ಇದ್ದಂಗೆ!" ಎಂದು ರೇಗಿಸುತ್ತಿದ್ದ. ಬಿಸಿಲಿಗೆ ಎಲ್ಲರ ಕೈಯೂ ಬೆವರುತ್ತಿತ್ತು. ಸೌದೆ ಡಿಪೋದವರು ಇದ್ದಕ್ಕಿದ್ದಂತೆ ತಮ್ಮ ಹೆಬ್ಬೆರಳು ನೋಡಿಕೊಂಡರು.

"ಏನ್ಲಾ ಇದು? ಎಲೆ ಬಣ್ಣ ಬುಡ್ತಾ ಅದೆ!"

ಎಲೆಗಳನ್ನು ಮಗುಚಿ ಸಾಲಾಗಿ ಇಟ್ಟು ನೋಡಿದರು. ಒಂದರಲ್ಲಿ ಈ ಎಸಳು, ಇನ್ನೊಂದರಲ್ಲಿ ಆ ಎಸಳು. ಒಮ್ಮೆ ಕಂಡ ಮೇಲೆ ಅದು ಕಾಣದೇ ಇರುವುದು ಸಾಧ್ಯವೇ ಇರಲಿಲ್ಲ. "ಅದ್ಕೇ ಕಣ್ರಲಾ ಇವ್ನೇ ಒಡೀತಾ ಇದ್ದಿದ್ದು! ಬಾವ ಗುರ್ತು ಆಕಾದು, ಬಾಮೈದ ಗೆಲ್ಲಾದು!" ಎಂದು ಕೂಗಿದ ಮೇಲೆ ಇಡೀ ಬೀದಿ ನಮ್ಮ ಜಗಲಿಯ ಮುಂದೆ ಸೇರಿತು. "ನಂಗ್ ಗೊತ್ತೇ ಇಲ್ಲ ಕಣ್ರಪ್ಪ, ದೇವ್ರಾಣೆ" ಎಂದು ಅತ್ತೆಯ ತಮ್ಮ ಅಳುವುದೊಂದು ಬಾಕಿ.

ಮೇಷ್ಟ್ರು ಕಳಲೆಯಿಂದ ಬಂದಿಳಿದು, ಖಾಲಿ ಟಿಫನ್ ಕ್ಯಾರಿಯರ್ ಹಿಡಿದು ಬೀದಿಯ ತಿರುವಿನಲ್ಲಿ ಬಂದದ್ದು ಅದೇ ಹೊತ್ತಿಗೆ. ಎಲೆಗಳನ್ನು ಅವರ ಮುಂದೆ ಹಿಡಿದರು. ಅವರು ಒಮ್ಮೆ ಎಲೆ ನೋಡಿದರು, ಒಮ್ಮೆ ಎದುರು ಹೊಸಿಲಲ್ಲಿ ಬಿಳಿಚಿಕೊಂಡು ನಿಂತಿದ್ದ ಅತ್ತೆಯನ್ನು ನೋಡಿದರು. ಗುರುತು ಹಾಕಿದ್ದು ನಾನಲ್ಲ ಎಂದುಬಿಡಬಹುದಿತ್ತು. ಅವರು ಹಾಗೆನ್ನಲಿಲ್ಲ.

"ನಂದೇ. ಆಟಕ್ಕಲ್ಲಪ್ಪ, ಮಕ್ಕಳ ಮ್ಯಾಜಿಕ್ಕಿಗೆ ಮಾಡ್ಕೊಂಡಿದ್ದು. ಬನ್ನಿ, ತೋರಿಸ್ತೀನಿ."

ಕ್ಯಾರಿಯರನ್ನು ಪಕ್ಕಕ್ಕಿಟ್ಟು ಜಗಲಿಯ ಮೇಲೆ ಕುಳಿತರು. ನಿಜ ಹೇಳಿಬಿಟ್ಟರೆ ಮಾನ ಉಳಿಯುತ್ತದೆ ಎಂದು ಅವರು ನಂಬಿದ್ದರು, ಈಗ ಯೋಚಿಸಿದರೆ ಹಾಗೆನ್ನಿಸುತ್ತದೆ. ಎಲೆಗಳನ್ನು ಮುಚ್ಚಿ ಇಟ್ಟು ಒಂದೊಂದೇ ಎಸಳನ್ನು ಬೆರಳಿನಿಂದ ಮುಟ್ಟಿ ಹೇಳುತ್ತಾ ಹೋದರು. ಇದು ಕಳಾವರ್ ಗುಲಾಮ, ಇದು ಡೈಮನ್ ಎಕ್ಕ, ಇದು ಆಟೀನ್ ರಾಣಿ... ಸೌದೆ ಡಿಪೋದವರು ಒಂದೊಂದನ್ನೂ ಮಗುಚಿ ನೋಡಿದರು. ಎಲ್ಲ ಸರಿಯಾಗಿತ್ತು. ಯಾವತ್ತಿನ ಹಾಗೆ ಒಂದೂ ತಪ್ಪಲಿಲ್ಲ. ಅದೇ ಅವರಿಗೆ ಮುಳುವಾಯಿತು.

"ನೋಡುದ್ರಾ? ಮುಚ್ಚಿದ್ ಎಲೆನೇ ಓದ್ತಾರೆ! ಇನ್ನೇನ್ ಬೇಕ್ರಯ್ಯ?"

ಗುಂಪಿನ ಮುಂದೆ, ನನ್ನ ತಂಗಿ ನಿಂತಿದ್ದಳು. ಆಗ ಅವಳು ಇನ್ನೂ ಚಿಕ್ಕವಳು. ಅವಳಿಗೆ ಈ ಗಲಾಟೆಯೇನೂ ಅರ್ಥವಾಗಿರಲಿಲ್ಲ. ಆಟೀನ್ ರಾಣಿಯನ್ನೇ ದಿಟ್ಟಿಸಿ ನೋಡಿ, "ಹಾಗಾದ್ರೆ ರಾಣಿ ಮಾತಾಡ್ತಾನೇ ಇರ್ಲಿಲ್ವಾ ಮಾಮ?" ಎಂದಳು.

ಮೇಷ್ಟ್ರು ಆ ರಾಣಿಯನ್ನು ಮೆಲ್ಲಗೆ ಮಗುಚಿ ಇಟ್ಟರು. ಎಲೆಗಳನ್ನು ಒಟ್ಟು ಮಾಡಿಕೊಂಡು ಎದ್ದರು. ಕ್ಯಾರಿಯರ್ ನಮ್ಮ ಜಗಲಿಯಲ್ಲೇ ಉಳಿಯಿತು. ಮರುದಿನ ಅಮ್ಮ ಅದನ್ನು ನನ್ನ ಕೈಯಲ್ಲಿ ಕೊಟ್ಟು ಕಳಿಸಿದರು. ಬರಿದಾಗಿ ಕೊಡಬಾರದೆಂದು ಒಳಗೆ ಸ್ವಲ್ಪ ಬೆಲ್ಲ ಹಾಕಿದ್ದರು.

ಹಿತ್ತಲ ಕಡೆಯಿಂದ ಹೋದಾಗ ಅಡುಗೆಮನೆಯ ಕಿಟಕಿಯಲ್ಲಿ ಮಾತು ಕೇಳಿಸಿತು.

"ನಂಗೊಂದ್ ಮಾತು ಹೇಳಿದ್ರೆ ಕೊಡ್ತಿದ್ನೇನ್ರೀ?" ಅತ್ತೆಯ ದನಿ.

"ಹೇಳಿದ್ರೆ ಮ್ಯಾಜಿಕ್ ಹೋಗ್ಬಿಡ್ತಿತ್ತು ಕಣೇ."

"ಈಗ ಉಳೀತಾ?"

ನಾನು ಕ್ಯಾರಿಯರನ್ನು ಕಟ್ಟೆಯ ಮೇಲಿಟ್ಟು ಸದ್ದಿಲ್ಲದೆ ಬಂದುಬಿಟ್ಟೆ.

ಅಪ್ಪ ಮೇಷ್ಟ್ರ ಮೇಲೆ ಕೋಪ ಮಾಡಿಕೊಂಡವರಲ್ಲ. "ಅವರು ಒಳ್ಳೆಯವರೇ ಕಣೇ, ಆದರೂ..." ಎಂದು ಅಮ್ಮನ ಹತ್ತಿರ ಹೇಳುತ್ತಿದ್ದರು. ಬೀದಿಯಲ್ಲಿ ಎಲ್ಲರ ಮಾತೂ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಆ ಸಲದ ಮಕ್ಕಳ ದಿನಾಚರಣೆಗೆ ಸಿಸ್ಟರ್ ಅವರನ್ನು ಕರೆಯಲಿಲ್ಲ. ಯಾರೋ ಹಾರ್ಮೋನಿಯಂ ನುಡಿಸಿದರು. ಟಿ. ನರಸೀಪುರದ ಅವರ ಸ್ಕೂಲಿಗೂ ಸುದ್ದಿ ಮುಟ್ಟಿತು. ಅವರು ಕ್ಲಾಸಿಗೆ ಬರುವ ಮೊದಲೇ ಹುಡುಗರು ಬೋರ್ಡಿನ ಮೇಲೆ ಹೂವು ಬರೆದು, ಒಂದು ಎಸಳಿಗೆ ಮಾತ್ರ ಬಣ್ಣ ತುಂಬಿ ಇಡುತ್ತಿದ್ದರಂತೆ. ಅವರು ಡಸ್ಟರಿನಿಂದ ಒರೆಸಿ ಪಾಠ ಶುರು ಮಾಡುತ್ತಿದ್ದರಂತೆ.

ತಂಗಿಯ ಹುಟ್ಟುಹಬ್ಬಕ್ಕೆ ಅಮ್ಮ ಹಟ ಹಿಡಿದು ಅವರನ್ನು ಕರೆಸಿದರು. ಮೇಷ್ಟ್ರು ಹೊಸ ಪ್ಯಾಕು ತಂದಿದ್ದರು. ಸೀಲನ್ನು ತಂಗಿಯ ಕೈಯಲ್ಲೇ ಒಡೆಸಿದರು. ಗುರುತಿಲ್ಲದ, ಬರೀ ಕೈಚಳಕದ ಆಟವೊಂದನ್ನು ಅಭ್ಯಾಸ ಮಾಡಿಕೊಂಡು ಬಂದಿದ್ದರು. ನನಗಂತೂ ಅದು ಹಳೆಯ ಆಟಕ್ಕಿಂತ ಚೆನ್ನಾಗಿ ಕಂಡಿತು. ಆದರೆ ಮಕ್ಕಳಲ್ಲಿ ಯಾರೂ ಆಟ ನೋಡುತ್ತಿರಲಿಲ್ಲ. "ಬೆನ್ನು ತೋರ್ಸಿ ಮಾಮ, ಎಲ್ಲಿ ಬೆನ್ನು ತೋರ್ಸಿ" ಎಂದು ಎಲೆ ಕಿತ್ತುಕೊಂಡು ಬೆಳಕಿಗೆ ಹಿಡಿಯುತ್ತಿದ್ದರು. ಏನೂ ಸಿಗದಾಗ ಒಬ್ಬಳು "ತುಂಬಾ ಚಿಕ್ಕದಾಗಿ ಹಾಕಿದಾರೆ ಕಣೇ" ಎಂದಳು. ಮೇಷ್ಟ್ರು ನಕ್ಕರು. ಕೇಕು ತಿನ್ನದೆ ಹೋದರು.

ಅತ್ತೆಯ ತಮ್ಮ ಮತ್ತೆ ಆ ಮನೆಗೆ ಬಂದದ್ದನ್ನು ನಾನು ನೋಡಲಿಲ್ಲ. ಮಾರನೆಯ ವರ್ಷ ಮೇಷ್ಟ್ರು, ಅತ್ತೆ ಮನೆ ಬಿಟ್ಟು ಇಲ್ಲಿಗೇ, ಟಿ. ನರಸೀಪುರಕ್ಕೆ ಬಂದರು. ಎತ್ತಿನಗಾಡಿಯಲ್ಲಿ ಸಾಮಾನು ಹೋಗುವಾಗ ಆ ಟ್ರಂಕಿನ ಮೇಲೆ ಅತ್ತೆ ಕುಳಿತಿದ್ದರು. ಕೈ ಬೀಸಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಗಾಡಿ ತಿರುಗಿತು...

ಮದುವೆಯಾಗಿ ನಾನು ಇದೇ ಊರಿಗೆ ಬಂದೆ. ಬಂದ ಹೊಸದರಲ್ಲಿ ಸಂತೆಯಲ್ಲಿ ಅತ್ತೆ ಸಿಕ್ಕಿದರು. ನನ್ನನ್ನು ಗುರುತು ಹಿಡಿದವರು ಅವರೇ. ಹಣೆ ಬರಿದಾಗಿತ್ತು. ಕೇಳುವುದೇನೂ ಉಳಿದಿರಲಿಲ್ಲ. ಸೊಪ್ಪಿನ ಕಟ್ಟು ಆರಿಸುತ್ತಲೇ ಹೇಳಿದರು.

"ಆ ಹಬ್ಬ ಆದ್ಮೇಲೆ ಅವರು ಮನೇಲಿ ಬ್ರಷ್ಷೇ ಮುಟ್ಲಿಲ್ಲ ಕಣಮ್ಮ. ಸಂಗಮದಲ್ಲಿ ಬೂದಿ ಬಿಡೋವಾಗ ಆ ಪ್ಯಾಕೂ ಬಿಟ್ಬಿಟ್ಟೆ. ನೀರಿಗೆ ಬಿದ್ದಿದ್ದೇ ನೀಲಿಯೆಲ್ಲ ಬಿಟ್ಕೊಳ್ತು. ಗುರ್ತೆಲ್ಲ ತೊಳೆದು ಹೋಗಿ ಬರೀ ಎಲೆ ತೇಲ್ತಿದ್ವು. ಆಗ ಬಂದ್ ನೋಡ್ಬೇಕಿತ್ತು ಆ ಬೀದಿಯೋರು."

ಆಮೇಲೆ ಅವರು ಎಲ್ಲಿ ಹೋದರೋ ತಿಳಿಯಲಿಲ್ಲ. ಅವರಿದ್ದ ಬಾಡಿಗೆ ಮನೆಯ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ. ಅದರ ಮುಂದೆ ಹಾಯುವಾಗ ಒಮ್ಮೊಮ್ಮೆ ಪೌಡರಿನ ಘಮ ಬರಬಹುದೇನೋ ಎಂದು ನಿಲ್ಲುತ್ತೇನೆ. ಬರುವುದಿಲ್ಲ.

ಇವತ್ತು ಸಂಜೆ ಪಕ್ಕದ ಮನೆಯಾಕೆ ತೋರಣಕ್ಕೆಂದು ನಮ್ಮ ಮರದ ಮಾವಿನ ಸೊಪ್ಪು ಕೀಳಲು ಬಂದಳು. ಕಿಟಕಿಯ ಮೇಲೆ ಇವರು ಗಾಳಿಗೆ ಹರಡಿಟ್ಟಿದ್ದ ಇಸ್ಪೀಟು ಅವಳ ಕಣ್ಣಿಗೆ ಬಿತ್ತು.

"ಅಳೇ ಪ್ಯಾಕಲ್ಲಿ ಆಡ್ತಾರಾ ಅಣ್ಣ? ನಮ್ಮೋರು ಸೀಲ್ ಒಡೀದಿರೋ ಪ್ಯಾಕ್ ಇದ್ರೇನೇ ಕೂರಾದು. ನಂಜನಗೂಡಲ್ಲಿ ಯಾವನೋ ಒಬ್ಬ ಮೇಷ್ಟ್ರಂತೆ ಅಕ್ಕ, ಎಲೆ ಬೆನ್ಗೆಲ್ಲ ಗುರ್ತು ಮಾಡ್ಬುಟ್ಟು, ಬಾಮೈದನ್ನ ಕೂರ್ಸ್ಕೊಂಡು, ವರ್ಷಾವರ್ಷ ಅಬ್ಬಕ್ಕೆ ಊರೋರ್ನೆಲ್ಲ ಬೋಳುಸ್ತಿದ್ನಂತೆ."

ಅವಳಿಗೆಂದು ಬಗ್ಗಿಸಿ ಹಿಡಿದಿದ್ದ ಕೊಂಬೆಯನ್ನು ಬಿಟ್ಟೆ. "ಅವರು ಆಡ್ತಾನೇ ಇರ್ಲಿಲ್ಲ ಕಣೇ," ಎಂದೆ. "ನಮ್ಮ ಎದುರುಮನೆಯೋರು ಅವರು. ಮಕ್ಕಳಿಗೆ ಮ್ಯಾಜಿಕ್ ತೋರಿಸೋಕೆ ಇಟ್ಕೊಂಡಿದ್ರು, ಅಷ್ಟೇ."

ಅವಳು ನನ್ನ ಮುಖ ನೋಡಿ, ತಮಾಷೆ ಮಾಡುತ್ತಿದ್ದೇನೆಂದು ತಿಳಿದು, ನಕ್ಕುಬಿಟ್ಟಳು.

"ಊರೋರ್ ಜೇಬು ಖಾಲಿ ಮಾಡಾದೂ ಒಂದ್ ಮ್ಯಾಜಿಕ್ಕೇ ಬುಡಿ ಅಕ್ಕ. ಅದಿರ್ಲಿ, ಆ ಮೇಲ್ಗಡೆ ಕೊಂಬೆ ಒಸಿ ಬಗ್ಗುಸ್ತೀರಾ? ಅಲ್ಲಿ ಸೊಪ್ಪು ಚೆನ್ನಾಗದೆ."